ಡೈರಿ ಮೇಜಿನ ಮೇಲಿನ ಹೆಬ್ಬೆಟ್ಟು

ಸೋಲೂರಿನಿಂದ ಮಾಗಡಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಲಕ್ಷ್ಮಯ್ಯ ನೇಗಿಲು, ನೊಗ ಮಾಡಿಕೊಂಡಿದ್ದ. ಟ್ರ್ಯಾಕ್ಟರ್ ಬಂದು ನೇಗಿಲು ಕೇಳುವವರೇ ಇಲ್ಲವಾದಾಗ ಬಿಡದಿ ಕಡೆಯ ಒಂದು ಕುರ್ಚಿ ಮೇಜಿನ ಕಾರ್ಖಾನೆ ಸೇರಿದ. ಮೂರು ವರ್ಷ ಮೂತಿಗೆ ಬಟ್ಟೆ ಕಟ್ಟಿಕೊಂಡು ಮರಕ್ಕೆ ಹೊಳಪು ಕೊಡುವ ಲ್ಯಾಕರ್ ಸ್ಪ್ರೇ ಹೊಡೆದ. ಒಂದು ದಿನ ಸೂಪರ್‌ವೈಸರ್ ನಡೆಯುವ ಗತ್ತನ್ನು ಎಲ್ಲರಿಗೂ ಅಣಕಿಸಿ ತೋರಿಸುತ್ತಿದ್ದಾಗ ಆ ಸೂಪರ್‌ವೈಸರೇ ಬೆನ್ನ ಹಿಂದೆ ನಿಂತಿದ್ದ. ಕೆಲಸ ಹೋಯಿತು. ಕಾರ್ಖಾನೆ ಗುಜರಿಗೆ ಹಾಕಿದ್ದ, ಸ್ಪ್ರೇಗೆ ಗಾಳಿ ತುಂಬುವ ಹಳೆಯ ಕಂಪ್ರೆಸರ್ ಒಂದನ್ನು ಕೊಂಡುಕೊಂಡು ಊರಿಗೆ ವಾಪಸಾದ.

ಎರಡು ಸಾವಿರದ ಏಳರಲ್ಲಿ ಊರಿನ ಹಾಲಿನ ಡೈರಿಗೆ ಮೇಜು ಬೇಕಾಯಿತು. ಲಕ್ಷ್ಮಯ್ಯ ಡೈರಿಯ ಹಿತ್ತಲಲ್ಲೇ ಹಲಸಿನ ಹಲಗೆಗಳನ್ನು ಜೋಡಿಸಿ, ಕಾಲು ಕೂರಿಸಿ, ಅಂಗೈ ಜಾರುವಷ್ಟು ನುಣ್ಣಗೆ ಉಜ್ಜಿದ. ಹದಿನೈದು ದಿನದ ಕೆಲಸ. ಅಷ್ಟು ದಿನವೂ ಅವನ ಕಿವಿಗೆ ಒಂದು ಮಾತು ಬೀಳುತ್ತಿತ್ತು. ಹಾಲು ಹಾಕಲು ಬರುವ ಕೆಂಚಮ್ಮ ಸಹಿ ಬಾರದೆ ಹೆಬ್ಬೆಟ್ಟು ಒತ್ತಿದಾಗಲೆಲ್ಲ ಸೆಕ್ರೆಟರಿ ರುದ್ರಪ್ರಸಾದ್ ನಾಲ್ಕು ಜನಕ್ಕೆ ಕೇಳುವಂತೆ ಅವಳನ್ನು ‘ಹೆಬ್ಬೆಟ್ಟು ಮೇಡಂ’ ಎಂದು ಕರೆಯುತ್ತಿದ್ದ. ಕೆಂಚಮ್ಮ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.

ಕೊನೆಯ ದಿನ ಲಕ್ಷ್ಮಯ್ಯ ನೆಲಕ್ಕೆ ನೀರು ಚಿಮುಕಿಸಿ ಧೂಳು ಅಡಗಿಸಿದ, ಗಾಳಿಗೆ ಹಳೆ ಸೀರೆ ಅಡ್ಡ ಕಟ್ಟಿದ, ಕರೆಂಟ್ ಬಂದ ಕೂಡಲೇ ಸ್ಪ್ರೇ ಹೊಡೆದ. ಹಲಸಿನ ಹಳದಿ ಗೆರೆಗಳು ಜೇನಲ್ಲಿ ಅದ್ದಿದಂತೆ ಎದ್ದು ಕಂಡವು. ಆಮೇಲೆ ಒಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ‘ಹಸಿ ಇದೆ, ಮುಟ್ಟಬೇಡಿ’ ಎಂದು ದೊಡ್ಡದಾಗಿ ಬರೆದು ಒರಗಿಸಿಟ್ಟ. ಓದಲು ಬಲ್ಲವರನ್ನೇ ನಂಬಿ ಬರೆದದ್ದು ಅದು.

ಹಾಲು ತಂದ ಹೆಂಗಸರು ದೂರವೇ ನಿಂತರು. ರುದ್ರಪ್ರಸಾದ್ ಬಂದ, ಬರಹವನ್ನು ಗಟ್ಟಿಯಾಗಿ ಓದಿದ, ನಿಜವೋ ಸುಳ್ಳೋ ನೋಡೋಣವೆಂದು ಹೆಬ್ಬೆರಳು ಒತ್ತಿಯೇಬಿಟ್ಟ. ಬೆರಳಿನ ಗೆರೆ ಗೆರೆಯೂ ಮೂಡಿತು.

ಲಕ್ಷ್ಮಯ್ಯ ಮುಖ ಬಿಗಿಹಿಡಿದು ಬಗ್ಗಿ ನೋಡಿದ.

“ಕೂತ್ಬುಡ್ತಲ್ಲ ಸಾರ್. ಇನ್ನೇನ್ ಮಾಡುದ್ರೂ ಹೋಗಾಕಿಲ್ಲ.”

ಶುದ್ಧ ಸುಳ್ಳು. ಲ್ಯಾಕರ್ ಕರಗಿಸುವ ಥಿನ್ನರ್ ಅದ್ದಿದ ಬಟ್ಟೆ ಎರಡು ಸಲ ಆಡಿಸಿ ಇನ್ನೊಂದು ಕೋಟ್ ಹೊಡೆದಿದ್ದರೆ ಗುರುತು ಮಾಯವಾಗುತ್ತಿತ್ತು. ಕಾಲ ಬಳಿಯೇ ಇದ್ದ ಥಿನ್ನರ್ ಡಬ್ಬಿಯನ್ನು ಅವನು ಮೆಲ್ಲಗೆ ಅಡ್ಡ ಕಟ್ಟಿದ್ದ ಸೀರೆಯ ಹಿಂದಕ್ಕೆ ತಳ್ಳಿದ.

ಮೇಜು ಡೈರಿಯೊಳಗೆ ಬಂತು. ರುದ್ರಪ್ರಸಾದ್ ಅದರ ಮೇಲೆ ಬಟ್ಟೆ ಹಾಸಿದ. ಇಷ್ಟು ಚೆಂದದ ಮರವನ್ನು ಮುಚ್ಚಬಾರದೆಂದು ಸದಸ್ಯರು ತೆಗೆಸಿದರು. ಆ ದಿನ ಸಹಿಯ ಸರದಿಗೆ ಬಂದ ಕೆಂಚಮ್ಮ ಗುರುತನ್ನು ಬಹಳ ಹೊತ್ತು ನೋಡಿದಳು.

“ನಮ್ದುಕ್ಕಿಂತ ಚೆನ್ನಾಗಿ ಮೂಡೈತೆ ಸಾರ್,” ಅಂದಳು.

ಡೈರಿಯಲ್ಲಿ ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಅಂದಿನಿಂದ ‘ಮೇಡಂ’ ಅನ್ನುವುದು ನಿಂತುಹೋಯಿತು. ಸೆಕ್ರೆಟರಿ ತಲೆ ತಗ್ಗಿಸಿ ಬರೆಯುವುದನ್ನು ಒಂದು ತಿಂಗಳು ನೋಡಿದ ಲಕ್ಷ್ಮಯ್ಯನಿಗೆ ಯಾಕೋ ಕನಿಕರವಾಯಿತು. ರುದ್ರಪ್ರಸಾದ್ ಮಾಗಡಿಗೆ ಹೋಗಿದ್ದ ದಿನ ಥಿನ್ನರ್ ಡಬ್ಬಿ ಹಿಡಿದು ಡೈರಿಗೆ ಬಂದ. ಕೆಂಚಮ್ಮ ಅಲ್ಲೇ ಕ್ಯಾನ್ ತೊಳೆಯುತ್ತಿದ್ದಳು. ವಾಸನೆ ಹಿಡಿದಳು.

“ಹೋಗಾಕಿಲ್ಲ ಅಂದಿದ್ದಲ್ಲಣ್ಣ?”

ಲಕ್ಷ್ಮಯ್ಯ ಡಬ್ಬಿಯನ್ನು ಬೆನ್ನ ಹಿಂದಕ್ಕೆ ಸರಿಸಿದ.

“ಇರ್ಲಿ ಬುಡು. ಸಾರು ಈಗ ಒಸಿ ಮೆತ್ತಗೆ ಮಾತಾಡ್ತಾರೆ,” ಅಂದಳು ಕೆಂಚಮ್ಮ.

ಲಕ್ಷ್ಮಯ್ಯ ಡಬ್ಬಿಯ ಮುಚ್ಚಳ ಬಿಗಿ ಮಾಡಿ, ಕುದೂರಿನಲ್ಲಿ ಯಾರದೋ ಊಟದ ಮೇಜು ಅರ್ಧಕ್ಕೆ ನಿಂತಿದೆ ಎಂದು ಗೊಣಗಿಕೊಂಡು ಬಸ್ಸಿಗೆ ಹೊರಟ.