ಸಿಗದೇ ಹೋದ ಬಸಪ್ಪ

ತೀರಿಕೊಂಡ ಹಿರಿಯರ ಹೆಸರಿನಲ್ಲಿ ಭಕ್ತರು ವರ್ಷಕ್ಕೊಮ್ಮೆ ಮಾಡಿಸುವ ಪೂಜೆಗಳ ಪಟ್ಟಿ ನಮ್ಮ ಸಣ್ಣ ಮಠದ ಕಂಪ್ಯೂಟರಿನಲ್ಲಿದೆ. ಅದರಲ್ಲಿ ಹುಡುಕಲು ಒಂದು ಸರ್ಚ್ ಇಂಜಿನ್ ಬೇಕಿತ್ತು. ಯಾರೋ ಪುಣ್ಯಾತ್ಮರು ಧರ್ಮಕ್ಕೆ ಬಿಟ್ಟಿದ್ದ ಸೋರ್ಸ್ ಕೋಡ್ ಇಳಿಸಿಕೊಂಡು ನಾನೇ ಬಿಲ್ಡ್ ಮಾಡಿದೆ. ಅಷ್ಟರಲ್ಲಿ ಎರಡು ಸಲ ಕರೆಂಟು ಹೋಗಿತ್ತು.

ಅದನ್ನು ಓಡಿಸಿದ ಮೊದಲ ದಿನವೇ ಹತ್ತಿರದ ನಾರ್ವೆ ಎಂಬ ಹಳ್ಳಿಯಿಂದ ಒಬ್ಬ ಹೆಂಗಸು ಬಂದರು. ಅವರ ಅಪ್ಪನ ಪೂಜೆಯ ದಿನವನ್ನು ನೆನಪಿಟ್ಟುಕೊಂಡಿದ್ದ ತಾಯಿ ಈ ವರ್ಷ ತೀರಿಕೊಂಡಿದ್ದರು. ಪೂಜೆ ಈ ತಿಂಗಳೇ ಎಂಬುದಷ್ಟೇ ಇವರಿಗೆ ಗೊತ್ತು.

"ತಪ್ಪಿಹೋದ್ರೆ ಮನಸ್ಸಿಗೆ ಸಮಾಧಾನ ಇಲ್ಲ. ಬಸಪ್ಪ ಅಂತ ನೋಡಿ," ಎಂದರು.

ನೋಡಿದೆ. ಒಬ್ಬ ಬಸಪ್ಪನೂ ಸಿಗಲಿಲ್ಲ.

"ಅದೆಂತ ಮಾರಾಯ್ರೇ, ನಮ್ಮ ನೆಂಟರಲ್ಲೇ ನಾಲ್ಕು ಜನ ಬಸಪ್ಪ ಇದ್ದಾರೆ."

ಆಗ ಹೊಳೆಯಿತು. ಪದೇ ಪದೇ ಬರುವ ಪದಗಳಿಂದ ಹುಡುಕಾಟಕ್ಕೆ ಪ್ರಯೋಜನವಿಲ್ಲ, ಅವನ್ನು ಬಿಟ್ಟುಬಿಡಿ ಎಂದು ಕೋಡಿನ ಜೊತೆಗಿದ್ದ ಟಿಪ್ಪಣಿಯಲ್ಲಿತ್ತು. ನಾನು ಹಾಗೇ ಮಾಡಿದ್ದೆ. 'ಶ್ರೀ', 'ಪೂಜೆ', 'ಗ್ರಾಮ' ಇವುಗಳ ಜೊತೆಗೆ ಬಸಪ್ಪನೂ ಹೋಗಿದ್ದ.

ತಪ್ಪು ಒಪ್ಪಿಕೊಂಡೆ. "ಹಾಗಾದ್ರೆ ದೇವರ ಹೆಸರು ಇಟ್ಟಿದ್ದೇ ನಷ್ಟ ಅನ್ನಿ," ಎಂದು ಅವರು ಜಗಲಿಯಲ್ಲಿ ಕೂತರು.

ಪದಗಳನ್ನು ಬಿಟ್ಟುಬಿಡುವ ಸಾಲನ್ನು ಕೋಡಿನಿಂದ ಅಳಿಸಿ ಮತ್ತೆ ಬಿಲ್ಡ್ ಮಾಡಿದೆ. ಈ ಸಲ ಬಸಪ್ಪನ ಜೊತೆಗೆ ನಾರ್ವೆ ಎಂದೂ ಕೊಟ್ಟೆ. ಸಿಕ್ಕಿತು. ಪೂಜೆ ನಾಡಿದ್ದೇ ಇತ್ತು. ಆಕೆ ಕಂಪ್ಯೂಟರಿಗೇ ಕೈಮುಗಿದರು.

ಎಲ್ಲ ಕಡೆ ಇರುವುದನ್ನು ಹುಡುಕಬೇಕಾಗಿಲ್ಲ ಎಂಬುದು ಯಂತ್ರದ ಲೆಕ್ಕ. ದೇವರ ವಿಷಯದಲ್ಲಿ ನಮ್ಮ ಹಿರಿಯರೂ ಅದನ್ನೇ ಹೇಳಿದ್ದಾರೆ. ಆದರೂ ದಿನಾ ಬೆಳಗ್ಗೆ ಸ್ನಾನ ಮುಗಿಸಿ ಹುಡುಕಲು ಕೂರುವುದನ್ನು ನಾನಂತೂ ಬಿಟ್ಟಿಲ್ಲ.