ಉಟ್ಟವರು ಮತ್ತು ಉಡಿಸುವವರು

ಪ್ಲಾಸ್ಟರ್ ಬೆರಳುಗಳ ಬುಡದ ತನಕ ಬಂದು ನಿಂತಿತ್ತು. ಹೊರಗುಳಿದ ಬೆರಳತುದಿಗಳಿಂದ ದೊಡ್ಡಮ್ಮ ಚಹಾದ ಲೋಟ ಹಿಡಿಯುತ್ತಿದ್ದರು, ಪೇಪರಿನ ಪುಟ ತಿರುಗಿಸುತ್ತಿದ್ದರು. ಸೀರೆಯ ನೆರಿಗೆ ಹಿಡಿಯಲು ಮಾತ್ರ ಆಗುತ್ತಿರಲಿಲ್ಲ. ಅಂಗಳದಲ್ಲಿ ಜಾರಿ ಬಲಗೈಯ ಮಣಿಕಟ್ಟು ಮುರಿದುಕೊಂಡ ಮೇಲೆ ಅವರು ಇನ್ನಂಜೆ ಊರಿನ ಮನೆಯಲ್ಲಿ ನೈಟಿ ಹಾಕಿಕೊಂಡು, ಯಾರಾದರೂ ಬಂದರೆ ಒಳಗಿನ ಕೋಣೆಗೆ ಸರಿದುಬಿಡುತ್ತಿದ್ದರು.

ಆ ಭಾನುವಾರ ಸಂಜೆ, ಅವರು ನಿವೃತ್ತಿಯ ತನಕ ಗಣಿತ ಕಲಿಸಿದ ಕಾಪುವಿನ ಶಾಲೆಯಲ್ಲಿ ಅವರಿಗೆ ಸನ್ಮಾನವಿತ್ತು. ಸೀರೆ ಸರಿಯಾಗಿ ಉಟ್ಟರೆ ಹೋಗುವುದು, ಇಲ್ಲದಿದ್ದರೆ ಇಲ್ಲ ಎಂದು ದೊಡ್ಡಮ್ಮ ತೀರ್ಮಾನಿಸಿದ್ದರು. ಚೂಡಿದಾರದ ಮಾತೆತ್ತಿದ ನನಗೆ, ಲೆಕ್ಕ ತಪ್ಪು ಮಾಡಿದ ಮಕ್ಕಳಿಗೆ ಸಿಗುತ್ತಿದ್ದ ನೋಟವೇ ಸಿಕ್ಕಿತು.

“ನಾನು ಉಡಿಸುತ್ತೇನೆ” ಎಂದೆ. ನನಗೆ ಸಂಶಯವೇ ಇರಲಿಲ್ಲ. ಮಣಿಪಾಲದ ಕಾಲೇಜಿನಲ್ಲಿ ಪಾಠ ಮಾಡುವ ನಾನು ಕೆಲಸದ ದಿನಗಳಲ್ಲೆಲ್ಲ ಸೀರೆಯನ್ನೇ ಉಡುವವಳು. ಸಾಂಪ್ರದಾಯಿಕ ಉಡುಗೆಯ ದಿನ ಬಂದರೆ ಹಾಸ್ಟೆಲಿನ ಹುಡುಗಿಯರು ಸಲಹೆ ಕೇಳಲು ನನ್ನ ಬಳಿಗೇ ಬರುತ್ತಾರೆ. ಒಮ್ಮೆ ಪುಣೆಯ ಹುಡುಗಿಯೊಬ್ಬಳಿಗೆ ಇದು ನಮ್ಮ ಕರಾವಳಿಯ ಕ್ರಮ ಎಂದು ಬಹಳ ಗಂಭೀರವಾಗಿ ವಿವರಿಸಿದ್ದೆ. ನಿಜ ಹೇಳಬೇಕೆಂದರೆ ಅದು ನನ್ನ ಅಮ್ಮ ಬಸ್ಸು ತಪ್ಪಬಾರದೆಂದು ಅವಸರದಲ್ಲಿ ಉಡುವ ಕ್ರಮ. ಹುಡುಗಿ ಶ್ರದ್ಧೆಯಿಂದ ವಿಡಿಯೋ ಮಾಡಿಕೊಂಡಳು. ಪರಂಪರೆಗಳು ಹುಟ್ಟುವುದು ಹೀಗೆಯೇ ಇರಬಹುದು.

ಬಟ್ಟೆಯ ವಿಷಯದಲ್ಲಿ ನಮ್ಮ ಜಿಲ್ಲೆಯಲ್ಲಿ ಯಾವ ತಕರಾರೂ ಇಲ್ಲದೆ ನಿಂತಿರುವವನು ಕಾರ್ಕಳದ ಗೊಮ್ಮಟ ಒಬ್ಬನೇ. ಉಳಿದ ನಾವೆಲ್ಲ ಏನನ್ನಾದರೂ ಉಟ್ಟವರು, ಉಟ್ಟ ಮಾತ್ರಕ್ಕೆ ಅಧಿಕಾರದಿಂದ ಮಾತಾಡುವವರು. ನಾನೂ ಅದೇ ಅಧಿಕಾರದಿಂದ ದೊಡ್ಡಮ್ಮನ ಎದುರು ನಿಂತು ಸೀರೆ ಸುತ್ತಿದೆ. ಕೈ ತನ್ನ ಪಾಡಿಗೆ ಕೆಲಸ ಮಾಡಿತು. ಮುಗಿದಾಗ ನೋಡಿದರೆ ಸೆರಗು ಅವರ ಬಲ ಹೆಗಲಿನ ಮೇಲಿತ್ತು.

“ಇದೆಂತ ಮಾರಾಯ್ತಿ? ನಾನು ಗುಜರಾತಿಗಳ ಮದುವೆಗೆ ಹೊರಟದ್ದಾ?”

ಬಿಚ್ಚಿದೆ. ಈ ಬಾರಿ ಅವರ ಹಿಂದೆ ನಿಂತು, ನನಗೇ ಉಟ್ಟುಕೊಳ್ಳುವಂತೆ ಕೈಗಳನ್ನು ಮುಂದಕ್ಕೆ ಚಾಚಿದೆ. ಎಡ-ಬಲ ಸರಿಯಾಯಿತು, ಆದರೆ ನೆರಿಗೆ ಕಾಣಿಸಲಿಲ್ಲ. ಒಂದು ಅಗಲ, ಇನ್ನೊಂದು ಕಿರಿದು. ಕೊನೆಗೆ, ಹೇಗೆ ಉಡುವುದೆಂದು ನೀವೇ ಹೇಳಿ ಎಂದೆ.

“ಹೇಳ್ಲಿಕ್ಕೆ ಎಂತ ಉಂಟು? ಹೀಗೆ ಹಿಡಿಯುವುದು, ಹೀಗೆ ಸಿಕ್ಕಿಸುವುದು” ಎಂದು ಅವರು ಪ್ಲಾಸ್ಟರಿನ ಕೈಯನ್ನು ಗಾಳಿಯಲ್ಲಿ ಆಡಿಸಿದರು. ಎಂಥ ಪ್ರಮೇಯವನ್ನೂ ಬಿಡಿಸಿ ಹೇಳಬಲ್ಲ ದೊಡ್ಡಮ್ಮನಿಗೆ, ಮದುವೆಗೆ ಮೊದಲಿನಿಂದ ಉಡುತ್ತ ಬಂದ ಸೀರೆಯನ್ನು ಹೇಳಿಕೊಡಲು ಬರಲಿಲ್ಲ. ದಿನವೂ ಉಟ್ಟರೆ ಪರಿಣತಿ ಬರುತ್ತದೆ, ಇದನ್ನು ನಾನು ಈಗಲೂ ಬಿಟ್ಟುಕೊಡುವುದಿಲ್ಲ. ಆದರೆ ಅದು ಒಂದೇ ಮೈಯ ಪರಿಣತಿ. ಕೋಣೆಯಲ್ಲಿ ಇಬ್ಬರು ಪರಿಣತರಿದ್ದೆವು, ಸೀರೆ ನೆಲದ ಮೇಲಿತ್ತು.

“ಬೇಡ. ನಾನು ಹೋಗುವುದಿಲ್ಲ” ಎಂದು ದೊಡ್ಡಮ್ಮ ಮಂಚದ ಮೇಲೆ ಕುಳಿತರು. ಅವರ ದನಿ ಸಣ್ಣದಾದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆಗ ಬಾಗಿಲಲ್ಲಿ ಬಂದು ನಿಂತವರು ದೊಡ್ಡಪ್ಪ. ಅವರು ಊರಿನ ದೇವಿಯ ಗುಡಿಯ ಅರ್ಚಕರು. ಜೀವಮಾನದಲ್ಲಿ ಒಮ್ಮೆಯೂ ಸೀರೆ ಉಟ್ಟವರಲ್ಲ, ಆದರೆ ದಿನವೂ ಬೆಳಿಗ್ಗೆ ದೇವಿಗೆ ಉಡಿಸುವವರು. ಇದು ನಮ್ಮಿಬ್ಬರಿಗೂ ಗೊತ್ತಿದ್ದ ಸಂಗತಿಯೇ. ಹೊಳೆದಿರಲಿಲ್ಲ, ಅಷ್ಟೆ.

ಅವರು ಸೀರೆ ಎತ್ತಿಕೊಂಡು ನೆಲದ ಮೇಲೆ ಕುಳಿತರು. ಅಂಚನ್ನು ಕಾಲಿನ ಹೆಬ್ಬೆರಳಿನಡಿ ಒತ್ತಿಹಿಡಿದು ನೆರಿಗೆ ಮಡಚುತ್ತ ಹೋದರು. ಒಂದರ ಮೇಲೊಂದು ಕೂತ ನೆರಿಗೆಗಳು ಹೊಸ ಪುಸ್ತಕದ ಹಾಳೆಗಳಂತೆ ಕಂಡವು. ಬಾಳೆನಾರು ತರಿಸಿ ಮೇಲೊಂದು ಕಟ್ಟು, ಕೆಳಗೊಂದು ಕಟ್ಟು ಹಾಕಿದರು. ಸೆರಗಿಗೂ ಹಾಗೆಯೇ. ಆಮೇಲೆ ಎದ್ದು ನಿಂತು ಸುತ್ತತೊಡಗಿದರು.

“ಅಲ್ಲಾಡಬೇಡ.”

“ನಾನೆಂತ ಕಲ್ಲಾ?”

“ಕಲ್ಲಾದರೆ ಸುಲಭ ಇತ್ತು.”

“ಇಷ್ಟು ವರ್ಷದಲ್ಲಿ ನನ್ನ ಸೀರೆಯ ಬಣ್ಣ ಯಾವುದೂಂತ ನೋಡಿದವರಲ್ಲ ಇವರು” ಎಂದು ದೊಡ್ಡಮ್ಮ ನನ್ನೊಡನೆ ಹೇಳಿದರು. ದೊಡ್ಡಪ್ಪ ಹಿಮ್ಮಡಿಯ ಬಳಿ ಅಂಚು ಸರಿಮಾಡುತ್ತಿದ್ದರು.

ಸೀರೆ ಅಷ್ಟು ಚಂದ ಕೂತದ್ದನ್ನು ನಾನು ಯಾರ ಮೇಲೂ ನೋಡಿರಲಿಲ್ಲ. ದೊಡ್ಡಮ್ಮ ಕನ್ನಡಿ ನೋಡಿ, ಒಪ್ಪಿ, ಹೊರಡಲು ಹೆಜ್ಜೆ ಎತ್ತಿದರು. ಹೆಜ್ಜೆ ಬರಲಿಲ್ಲ. ಸೀರೆ ಕಾಲನ್ನು ಬಿಗಿಯಾಗಿ ಹಿಡಿದಿತ್ತು.

“ದೇವಿಗೆ ಮೆಟ್ಟಿಲು ಹತ್ತಲಿಕ್ಕಿಲ್ಲ, ನನಗೆ ಉಂಟು” ಎಂದರು. ದೊಡ್ಡಪ್ಪ ಮೊದಲ ಬಾರಿ ಪೆಚ್ಚಾದರು.

ಈಗ ಬಾಯಿಗೆ ಬಂತು ನೋಡಿ ದೊಡ್ಡಮ್ಮನ ಪರಿಣತಿ. ಒಂದು ಮಣೆ ತರಲು ಹೇಳಿ, ವೇದಿಕೆ ಹತ್ತುವವರ ಹಾಗೆ ಒಂದು ಕಾಲನ್ನು ಅದರ ಮೇಲಿಟ್ಟರು. “ಈಗ ಸುತ್ತಿ. ಕಾಲು ಇಲ್ಲಿರುವಾಗ ಎಷ್ಟು ಬಟ್ಟೆ ಬೇಕೋ ಅಷ್ಟು ಬಿಡಿ. ಇಡೀ ಸೀರೆ ಒಂದು ಬೆರಳು ಮೇಲೆ ಹೋಗಲಿ.” ಇಲ್ಲಿಯವರೆಗೆ ಹೇಳಲು ಬಾರದ್ದೆಲ್ಲ ಈಗ ಸೂತ್ರದಂತೆ ಬಂತು. ಅವರು ಹೇಳಿದಷ್ಟು ದೊಡ್ಡಪ್ಪ ಬಿಟ್ಟರು, ಹೇಳಿದಲ್ಲಿ ನಾನು ಸಿಕ್ಕಿಸಿದೆ. ನೋಟಕ್ಕೆ ಬೇಕಾದದ್ದು ಉಡಿಸುವವರಿಗೆ ಗೊತ್ತಿತ್ತು, ನಡಿಗೆಗೆ ಬೇಕಾದದ್ದು ಉಟ್ಟವರಿಗೆ. ಕೊನೆಗೆ ನನ್ನ ಪಾಲಿಗೆ ಉಳಿದದ್ದು ನೆರಿಗೆಗೆ ಕಟ್ಟಿದ್ದ ಬಾಳೆನಾರು ಕತ್ತರಿಸುವ ಕೆಲಸ. ಅದನ್ನು ನಾನು ಅಚ್ಚುಕಟ್ಟಾಗಿ ಮಾಡಿದೆ.

ಕಾಪುವಿನಲ್ಲಿ ದೊಡ್ಡಮ್ಮ ಯಾರ ಕೈಯನ್ನೂ ಹಿಡಿಯದೆ ಮೆಟ್ಟಿಲು ಹತ್ತಿದರು. ಹಳೆಯ ವಿದ್ಯಾರ್ಥಿನಿಯೊಬ್ಬಳು ಶಾಲು ಹೊದೆಸಿದವಳೇ, “ಟೀಚರ್, ಯಾವ ಪಾರ್ಲರಿನಲ್ಲಿ ಉಡಿಸಿದ್ದು?” ಎಂದು ಕೇಳಿದಳು. ಮುಂದಿದ್ದ ಮೈಕು ಅದನ್ನು ಎಲ್ಲರಿಗೂ ಕೇಳಿಸಿತು.

“ಮನೆಯಲ್ಲೇ ಜನ ಉಂಟು” ಎಂದರು ದೊಡ್ಡಮ್ಮ. ನನ್ನ ಪಕ್ಕದಲ್ಲಿ ಕುಳಿತಿದ್ದ ದೊಡ್ಡಪ್ಪ ಮೇಲಿನ ಫ್ಯಾನನ್ನು ಬಹಳ ಹೊತ್ತು ಪರಿಶೀಲಿಸಿದರು.

ರಾತ್ರಿ ಅಲ್ಲಿಯೇ ಉಳಿದೆ. ಮರುದಿನ ಬೆಳಿಗ್ಗೆ ಕಾಲೇಜಿಗೆಂದು ಸೀರೆ ಉಟ್ಟೆ. ನನ್ನ ಉಡುಗೆಯ ಬಗ್ಗೆ ಯಾರನ್ನೂ ಕೇಳುವ ಅಭ್ಯಾಸ ನನಗಿಲ್ಲ, ಯಾರಾದರೂ ಹೇಳಿದರೂ ಇಷ್ಟವಾಗುವುದಿಲ್ಲ. ಆದರೂ ದೊಡ್ಡಮ್ಮನ ಮಂಚದ ಬಳಿ ಹೋಗಿ ಬೆನ್ನು ತಿರುಗಿಸಿ ನಿಂತೆ.

“ಹಿಂದೆ ಹೇಗುಂಟು?”

“ಎಡಗಡೆ ಮೇಲೆ ಹೋಗಿದೆ. ಯಾವಾಗಲೂ ಹಾಗೇ ಅಲ್ವಾ ನಿನ್ನದು?”

ಪೂರ್ತಿ ಬಿಚ್ಚಿ, ಅವರು ಹೇಳಿದ ಹಾಗೆ ಇನ್ನೊಮ್ಮೆ ಉಟ್ಟೆ. ಮಣಿಪಾಲದ ದಾರಿಯ ಕಟಪಾಡಿಗೆ ಹೋಗುವ ಬಸ್ಸು ಅಷ್ಟರಲ್ಲಿ ದಾಟಿಹೋಗಿತ್ತು, ರಿಕ್ಷಾ ಹತ್ತಿದೆ.