ಅಳದೆ ಬಂದ ಮಗು

ಹೊಳೆನರಸೀಪುರದಲ್ಲಿ ಬಸ್ಸು ಹತ್ತಿದ ನನ್ನ ವಯಸ್ಸಿನ ಹೆಂಗಸೊಬ್ಬರು ಸೀಟು ಸಿಗದೆ, ಕಂಕುಳಲ್ಲಿದ್ದ ಮೂರು ವರ್ಷದ ಮೊಮ್ಮಗಳನ್ನು ನನ್ನ ತೊಡೆಗೆ ದಾಟಿಸಿದರು. ನಮ್ಮ ಕಡೆ ಇದು ಮಾಮೂಲು. ಮಗು ಅಳಲಿಲ್ಲ, ನನ್ನ ಕುತ್ತಿಗೆಗೆ ಜೋತುಬಿದ್ದಿತು. ನಾನು ಉಬ್ಬಿಹೋದೆ.

"ನೋಡಿದ್ರಾ ಅಮ್ಮ, ಮಕ್ಕಳಿಗೆ ನಾನಂದ್ರೆ ಪ್ರಾಣ."

"ಅಂಗೇನಿಲ್ಲ ಸಾ," ಎಂದರು ಆಕೆ. "ಇವಳವ್ವ ತೀರ್ಕೊಂಡ ಮ್ಯಾಲೆ ನಾಕು ನೆಂಟರ ಮನೆ ತಿರುಗವ್ಳೆ. ಮೊದಮೊದ್ಲು ಅತ್ತು ರಂಪ ಮಾಡೋಳು. ಈಗ ಯಾರ್ ಕರುದ್ರೂ ಓಯ್ತಾಳೆ. ಚನ್ನರಾಯಪಟ್ಟಣದ ಚಿಕ್ಕವ್ವಂದು ಐದನೇ ಮನೆ."

ಚನ್ನರಾಯಪಟ್ಟಣದಲ್ಲಿ ಇಳಿಸಿಕೊಂಡ ಕಂಡಕ್ಟರನ ಕುತ್ತಿಗೆಗೂ ಮಗು ಹಾಗೇ ಜೋತುಬಿದ್ದಿತು. ನನ್ನತ್ತ ತಿರುಗಿಯೂ ನೋಡಲಿಲ್ಲ.

ಮನೆಗೆ ಬಂದರೆ, ಅಪರೂಪಕ್ಕೆ ಬಂದಿದ್ದ ನನ್ನ ಮೊಮ್ಮಗ ನನ್ನನ್ನು ಕಂಡು ಅವನಮ್ಮನ ಸೆರಗು ಹಿಡಿದು ಕಿರುಚಿದ. "ಬೇಜಾರು ಮಾಡ್ಕೋಬೇಡಿ ಮಾವ" ಎಂದಳು ಸೊಸೆ. ಚೆನ್ನಾಗಿ ಕಿರುಚಲಿ ಬಿಡಮ್ಮ ಎಂದೆ.